ನಾಮುಟೋನಿ: ಕೋಟೆಯಲ್ಲಿ ತಂಗುವ ಹಕ್ಕು ಯಾರದು?



ನಮೀಬಿಯಾದ ಎಟೋಶಾ ರಾಷ್ಟ್ರೀಯ ಉದ್ಯಾನದ ಪೂರ್ವ ಅಂಚಿನಲ್ಲಿ ನಾಮುಟೋನಿ ಎಂಬ ಬಿಳಿಯ ಕೋಟೆಯಿದೆ. ಮಗ್ಗುಲಲ್ಲೇ ಕಾಡುಪ್ರಾಣಿಗಳು ನೀರಿಗೆ ಬರುವ ಹೊಂಡ. ಪ್ರವಾಸಿಗಳು ದೂರದೂರದಿಂದ ಬಂದು ಇಲ್ಲಿ ತಂಗುತ್ತಾರೆ. ಹಾಗೆ ತಂಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ತಂಗುದಾಣ ಹೇಗೆ ಸಿದ್ಧವಾಯಿತೆಂಬುದನ್ನು ಅರಿಯದೆ ಮರಳಿದರೆ ನೋಡಿದ್ದು ಅರ್ಧ ಮಾತ್ರ.

1897ರ ರಿಂಡರ್‌ಪೆಸ್ಟ್ ಎಂಬ ಜಾನುವಾರು ಪಿಡುಗಿನ ಕಾಲದಲ್ಲಿ ಜರ್ಮನ್ ವಸಾಹತು ಆಡಳಿತ ಇಲ್ಲೊಂದು ತಪಾಸಣಾ ಠಾಣೆಯನ್ನು ಸ್ಥಾಪಿಸಿತು. ಮುಂದೆ ಅದೇ ಕೋಟೆಯಾಯಿತು. 1904ರ ಜನವರಿಯಲ್ಲಿ ಹೆರೆರೊ ಜನರು ವಸಾಹತುಶಾಹಿಯ ವಿರುದ್ಧ ಬಂಡೆದ್ದರು. ಅದೇ ತಿಂಗಳ 28ರಂದು, ಪೂರ್ವ ಒಂಡೋಂಗಾದ ದೊರೆ ನೆಹಾಲೆಯ ಸುಮಾರು 500 ಯೋಧರು ಕೋಟೆಗೆ ಮುತ್ತಿಗೆ ಹಾಕಿದರು. ಒಳಗಿದ್ದ ಏಳು ಜರ್ಮನರು ಹಗಲೆಲ್ಲ ಕಾದಾಡಿ ಇರುಳಿನಲ್ಲಿ ಪಾರಾದರು. ಕೋಟೆ ನೆಲಸಮವಾಯಿತು. ಅದನ್ನು ಮತ್ತೆ ಕಟ್ಟಲಾಯಿತು. ವಸಾಹತಿನ ಇತಿಹಾಸವು ಬಹುಕಾಲ ಆ ಏಳು ಮಂದಿಯ ಶೌರ್ಯವನ್ನಷ್ಟೇ ಹಾಡಿತು. ಅದೇ ವರ್ಷ ಆರಂಭವಾದ ಹೆರೆರೊ ಹಾಗೂ ನಾಮಾ ಜನರ ನರಮೇಧವನ್ನು ಜರ್ಮನ್ ಸರ್ಕಾರ ಆ ಹೆಸರಿನಿಂದಲೇ ಅಧಿಕೃತವಾಗಿ ಕರೆದದ್ದು 2021ರಲ್ಲಿ.

ಈ ಪ್ರದೇಶ 1907ರಲ್ಲೇ ಮೀಸಲು ವನ್ಯಧಾಮವಾಗಿತ್ತು. ಆದರೂ ಇಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕುತ್ತಿದ್ದ ಹೈಓಮ್ ಎಂಬ ಸಾನ್ ಸಮುದಾಯ ಒಳಗೇ ಉಳಿದಿತ್ತು. ಒಂದೊಂದು ನೀರಿನ ತಾಣಕ್ಕೂ ಅವರ ನುಡಿಯಲ್ಲಿ ಹೆಸರಿತ್ತು. ಬಳಿಕ ದಕ್ಷಿಣ ಆಫ್ರಿಕಾದ ಆಳ್ವಿಕೆಯಲ್ಲಿ ಬಂದ ಮೂರು ಇಸವಿಗಳನ್ನು ಒಟ್ಟಿಗಿಟ್ಟು ನೋಡಬೇಕು. 1950ರಲ್ಲಿ ಕೋಟೆ ಸಂರಕ್ಷಿತ ಸ್ಮಾರಕವಾಯಿತು. 1954ರಲ್ಲಿ ಹೈಓಮ್ ಜನರನ್ನು ಹೊರಹಾಕಲಾಯಿತು. 1957ರಲ್ಲಿ ಕೋಟೆ ಪ್ರವಾಸಿಗಳಿಗೆ ತೆರೆಯಿತು. ಏಳೇ ವರ್ಷಗಳಲ್ಲಿ ಗೋಡೆಗೆ ರಕ್ಷಣೆ ದೊರಕಿತು, ಮನುಷ್ಯರಿಗೆ ಗಡೀಪಾರು. ಆ ಉಚ್ಚಾಟನೆಗೆ ಶಿಫಾರಸು ಮಾಡಿದ್ದು ‘ಬುಷ್‌ಮನ್ನರ ಸಂರಕ್ಷಣೆ’ಗೆಂದೇ ನೇಮಕವಾದ ಸರ್ಕಾರಿ ಆಯೋಗ! ಹೊರಬಿದ್ದವರಲ್ಲಿ ಬಹಳಷ್ಟು ಮಂದಿ ಬಿಳಿಯರ ಜಮೀನುಗಳಲ್ಲಿ ಕೂಲಿಗಳಾದರು. ಕೆಲವರು ತಮ್ಮದೇ ನೆಲದಲ್ಲಿ ಉದ್ಯಾನದ ನೌಕರರಾಗಿ ಉಳಿದರು.

1990ರಲ್ಲಿ ನಮೀಬಿಯಾ ಸ್ವತಂತ್ರವಾಯಿತು. ಉದ್ಯಾನದ ಉತ್ತರ ದ್ವಾರಕ್ಕೆ ಇಂದು ನೆಹಾಲೆಯ ಹೆಸರಿದೆ. ಅದು ಸಲ್ಲಬೇಕಾದ ಗೌರವವೇ. ಆದರೆ ಸ್ವತಂತ್ರ ರಾಷ್ಟ್ರಕ್ಕೆ ದೊರೆಯ ಹೆಸರನ್ನು ಮರಳಿಸುವುದು ಸುಲಭ, ದೊರೆಗಳಿಲ್ಲದ ಜನರಿಗೆ ನೆಲ ಮರಳಿಸುವುದು ಕಷ್ಟ. ಸರ್ಕಾರ ಉದ್ಯಾನದ ದಕ್ಷಿಣ ಗಡಿಯಾಚೆ ಜಮೀನು ಖರೀದಿಸಿ ಕೆಲವು ಕುಟುಂಬಗಳಿಗೆ ಪುನರ್ವಸತಿ ಕಲ್ಪಿಸಿತು. 2015ರಲ್ಲಿ ಸಮುದಾಯದ ಎಂಟು ಮಂದಿ ನ್ಯಾಯಾಲಯದ ಮೆಟ್ಟಿಲೇರಿದರು. ಇಡೀ ಸಮುದಾಯದ ಪರವಾಗಿ ದಾವೆ ಹೂಡಲು ಅವರಿಗೆ ಅನುಮತಿ ದೊರೆಯಲಿಲ್ಲ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದೇ ನಿಲುವನ್ನು ಎತ್ತಿಹಿಡಿಯಿತು. ನೆಲ ಯಾರದೆಂಬ ಮೂಲ ಪ್ರಶ್ನೆ ವಿಚಾರಣೆಗೇ ಬರಲಿಲ್ಲ.

ಎಟೋಶಾದ ಕಪ್ಪು ಘೇಂಡಾಮೃಗಗಳು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡಿನ ರಕ್ಷಣೆಗೆ ಕಾಡಿನವರ ಉಚ್ಚಾಟನೆಯೇ ಬೆಲೆ ಎಂಬುದು ಪ್ರಕೃತಿಯ ನಿಯಮವಲ್ಲ, ಒಂದು ಆಡಳಿತದ ತೀರ್ಮಾನ. ಮನುಷ್ಯರು ಮಾಡಿದ ತೀರ್ಮಾನವನ್ನು ಮನುಷ್ಯರೇ ತಿದ್ದಬಹುದು. ನಾಮುಟೋನಿಯಲ್ಲಿ ಕೋಣೆ ಕಾಯ್ದಿರಿಸುವವರು ಬಾಡಿಗೆ ಎಷ್ಟೆಂದು ವಿಚಾರಿಸುವಾಗ ಇನ್ನೊಂದನ್ನೂ ವಿಚಾರಿಸಲಿ: ಆ ಆದಾಯದಲ್ಲಿ, ಆ ಆಡಳಿತದಲ್ಲಿ, ಹೊರಹಾಕಲ್ಪಟ್ಟವರ ಮೊಮ್ಮಕ್ಕಳ ಪಾಲೆಷ್ಟು?