ಲೋಟದ ಬಾಯಿ, ಲೋಟದ ತಳ



ಆರೇಳು ವರ್ಷದ ಮಗುವಿನೆದುರು ಸ್ಟೀಲಿನ ಲೋಟವೊಂದನ್ನಿರಿಸಿ ಚಿತ್ರ ಬರೆಯೆಂದರೆ, ಅದು ಬಾಯಿಯನ್ನು ಪೂರ್ಣವೃತ್ತವಾಗಿಯೂ ತಳವನ್ನು ನೆಟ್ಟನೆಯ ಗೆರೆಯಾಗಿಯೂ ಬರೆಯುವುದುಂಟು. ಬಾಯಿ ದುಂಡಗಿರುವುದನ್ನು ಮಗುವಿನ ತುಟಿ ಬಲ್ಲುದು, ತಳವು ಮೇಜಿನ ಮೇಲೆ ಸಮವಾಗಿ ಕುಳಿತಿರುವುದನ್ನು ಅದರ ಕೈ ಬಲ್ಲುದು. ಎಳೆಯ ಮಗುವು ಕಂಡುದನ್ನಲ್ಲ, ತಿಳಿದುದನ್ನು ಚಿತ್ರಿಸುವುದೆಂದು ಫ್ರಾನ್ಸಿನ ಲ್ಯುಕೆ ಎಂಬ ಪಂಡಿತನು 1927ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಆದುದರಿಂದ ಆ ಚಿತ್ರವನ್ನು ಕೆಂಪು ಶಾಯಿಯಿಂದ ಗೀಚುವುದು ಮಗುವಿನ ಜ್ಞಾನವನ್ನೇ ಅಲ್ಲಗಳೆದಂತೆ.

ಹಾಗಾದರೆ ಕಲಿಸುವುದೆಂತು? ಲೋಟವನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ, ಬಾಯಿ ಬರಿಯ ಗೆರೆಯಾಗುತ್ತದೆ; ಮೆಲ್ಲಮೆಲ್ಲನೆ ಇಳಿಸುತ್ತ ಬನ್ನಿರಿ, ಆ ಗೆರೆಯೇ ಬಿರಿದು ದೀರ್ಘವೃತ್ತವಾಗುತ್ತದೆ. ತಳವು ಬಾಯಿಗಿಂತಲೂ ಕಣ್ಣಿಗೆ ಕೆಳಗಿರುವುದರಿಂದ ಅದರ ಬಾಗು ಇನ್ನೂ ತುಸು ಹೆಚ್ಚಿನದು. ಇದನ್ನು ಒಮ್ಮೆ ತಾನಾಗಿ ಕಂಡುಕೊಂಡ ಮಗುವಿಗೆ ತಳವನ್ನು ಬಾಗಿಸೆಂದು ಆಜ್ಞಾಪಿಸಬೇಕಾದುದಿಲ್ಲ.

ಅಧ್ಯಾಪಕರಾದ ನಾವಾದರೋ ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಬರೆದು, ಮೂಲೆಗಳನ್ನು ಕೂಡಿಸಿ, ಇದೇ ಘನವೆಂದು ಹೇಳಿಕೊಡುತ್ತೇವೆ. ಆ ಉಪಾಯವನ್ನು ಕಂಠಪಾಠ ಮಾಡಿದ ಮಗುವಿಗೆ ಎದುರಿಗಿರುವ ಬೆಂಕಿಪೊಟ್ಟಣವನ್ನು ಬರೆಯಲು ಬಾರದು. ಮಹಾರಾಷ್ಟ್ರದ ಕಲಾ ನಿರ್ದೇಶನಾಲಯವು ನಡೆಸುವ ಎಲಿಮೆಂಟರಿ ಚಿತ್ರಕಲಾ ಪರೀಕ್ಷೆಯಲ್ಲಿ ವಸ್ತುಚಿತ್ರಣಕ್ಕೆ ಸ್ಥಾನವಿರುವುದು ಉಚಿತವೇ. ಆದರೆ ದೊಡ್ಡ ಮಕ್ಕಳಿಗೆ ಮೀಸಲಾದ ಆ ಪರೀಕ್ಷೆಯ ಭಯವು ಒಂದನೆಯ ತರಗತಿಯವರೆಗೂ ಇಳಿದು ಬಂದಿರುವುದು ನನಗೆ ನೋವನ್ನುಂಟುಮಾಡುತ್ತದೆ.

ಬೇರೊಂದು ಮಾರ್ಗವು ಈ ನೆಲದಲ್ಲಿಯೇ ಸಿದ್ಧವಾಗಿದೆ. ಆಗ ಠಾಣೆ ಜಿಲ್ಲೆಗೆ ಸೇರಿದ್ದ ಬೋರ್ಡಿ ಗ್ರಾಮದಲ್ಲಿ 1945ರಲ್ಲಿ ತಾರಾಬಾಯಿ ಮೋಡಕರು ಬಾಲಶಿಕ್ಷಣದ ಕಾರ್ಯವನ್ನಾರಂಭಿಸಿ, ಅನುತಾಯಿ ವಾಘರೊಡಗೂಡಿ, ಬೆಲೆಬಾಳುವ ಮಾಂಟೆಸರಿ ಉಪಕರಣಗಳಿಗೆ ಬದಲಾಗಿ ಊರಿನಲ್ಲೇ ದೊರೆಯುವ ಸಾಮಗ್ರಿಗಳನ್ನು ಮಕ್ಕಳ ಕೈಗಿತ್ತರು. ಅದಕ್ಕೂ ನೂರು ವರ್ಷ ಹಿಂದೆ ಜರ್ಮನಿಯಲ್ಲಿ ಫ್ರೋಬೆಲನು ಎಳೆಯರಿಗೆ ಮರದ ಗೋಳ, ಘನ, ಸಿಲಿಂಡರುಗಳನ್ನು ಆಟಕ್ಕೆ ಕೊಟ್ಟಿದ್ದನು. ನಮಗೆ ಮರವೂ ಬೇಡ. ಗಣೇಶನನ್ನು ಮಾಡುವ ಶಾಡೂ ಮಣ್ಣಿನ ಮುದ್ದೆಯೊಂದು ಸಾಕು. ಅಂಗೈಗಳ ನಡುವೆ ತಿರುವಿದರೆ ಗೋಳ, ಹಲಗೆಯ ಮೇಲೆ ಹೊಸೆದರೆ ಸಿಲಿಂಡರ್, ಒಂದು ತುದಿಯನ್ನು ಸಣ್ಣಗೆ ಮಾಡಿದರೆ ಶಂಕು, ಆರು ಕಡೆಯಿಂದ ತಟ್ಟಿದರೆ ಘನ. ತಟ್ಟಿದ ಕೈಗೆ ಘನದ ಮುಖಗಳು ಆರೆಂಬುದು ತಿಳಿದಿರುತ್ತದೆ. ಒಂದೇ ನೋಟಕ್ಕೆ ಮೂರಕ್ಕಿಂತ ಹೆಚ್ಚು ಕಾಣಿಸವೆಂಬುದನ್ನು ಕಣ್ಣು ಆ ಬಳಿಕ ಕಲಿಯುತ್ತದೆ. ಕೈಯ ಅರಿವಿಗೂ ಕಣ್ಣಿನ ಅರಿವಿಗೂ ನಡುವಣ ಈ ಅಂತರವನ್ನು ಮಗುವು ತನ್ನ ಕಾಲಮಾನದಲ್ಲಿಯೇ ದಾಟಬೇಕು, ನಮ್ಮ ವೇಳಾಪಟ್ಟಿಯಲ್ಲಿ ಅಲ್ಲ.

ಮಧ್ಯಾಹ್ನದ ಗೋಷ್ಠಿಯ ಮೇಜುಗಳ ಮೇಲೆ ಶಾಡೂ ಮಣ್ಣನ್ನೂ ಒಂದೊಂದು ಲೋಟವನ್ನೂ ಇರಿಸಿದೆ. ಪ್ರಬಂಧಗಳನ್ನು ಓದುವುದಕ್ಕೆ ಮುನ್ನ ತಾವೆಲ್ಲರೂ ಆ ಮಣ್ಣಿಗೆ ಕೈಯಿಕ್ಕಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇನೆ.