ಸಿಪಾಯಿಯ ಹೆಸರು ಎಲ್ಲಿದೆ?
ಬ್ರಿಟಿಷರ ಕಾಲದ ಸೈನ್ಯ ಮತ್ತು ಅದರ ಸೇವಾ ದಾಖಲೆಗಳ ಹುಡುಕಾಟ

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



"ನಮ್ಮ ಅಜ್ಜನ ತಂದೆ ಮಿಲಿಟರಿಯಲ್ಲಿದ್ದರಂತೆ, ಬಸ್ರಾದವರೆಗೂ ಹೋಗಿದ್ದರಂತೆ" ಎಂಬ ಮಾತು ಕೆಲವು ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಯಾವ ಪಲ್ಟನ್? ಯಾವ ವರ್ಷ? ಹುದ್ದೆ ಏನು? ಎಂದು ಕೇಳಿದರೆ ಉತ್ತರವಿಲ್ಲ. ಆ "ಅಂತೆ"ಯನ್ನು ದಾಖಲೆಯ ಸತ್ಯವನ್ನಾಗಿ ಮಾಡುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ. ಇದು ಸಾಮ್ರಾಜ್ಯದ ಗುಣಗಾನವಲ್ಲ. ಹೊಟ್ಟೆಪಾಡಿಗಾಗಿ ಸಮುದ್ರ ದಾಟಿ ಹೋದ ಸಾಮಾನ್ಯ ಮನುಷ್ಯನ ಹೆಸರನ್ನು ಮರೆವಿನಿಂದ ಉಳಿಸಿಕೊಳ್ಳುವ ಕೆಲಸ.

ಮೂರು ಸೈನ್ಯಗಳು ಒಂದಾದದ್ದು

ಮೊದಲು ಸ್ವಲ್ಪ ಇತಿಹಾಸ ತಿಳಿದಿರಬೇಕು. ಏಕೆಂದರೆ ಕಾಲ ತಿಳಿಯದೆ ಯಾವ ಕಡತವನ್ನು ತೆರೆಯಬೇಕೆಂದು ತಿಳಿಯುವುದಿಲ್ಲ.

ಈಸ್ಟ್ ಇಂಡಿಯಾ ಕಂಪೆನಿಗೆ ಬಂಗಾಳ, ಮದ್ರಾಸು, ಮುಂಬಯಿ ಎಂಬ ಮೂರು ಪ್ರೆಸಿಡೆನ್ಸಿಗಳಿದ್ದವು. ಮೂರಕ್ಕೂ ಬೇರೆ ಬೇರೆ ಸೈನ್ಯ. ಅಧಿಕಾರಿಗಳು ಆಂಗ್ಲರು, ಸಿಪಾಯಿಗಳು ನಮ್ಮವರು. 1806ರ ಜುಲೈ 10ರಂದು ವೆಲ್ಲೂರು ಕೋಟೆಯಲ್ಲಿ ಮದ್ರಾಸು ಸೈನ್ಯದ ಸಿಪಾಯಿಗಳು ದಂಗೆಯೆದ್ದರು. ಗಡ್ಡ ಬೋಳಿಸಬೇಕು, ಹಣೆಯ ನಾಮ ವಿಭೂತಿ ಅಳಿಸಬೇಕು, ಚರ್ಮದ ಪಟ್ಟಿಯಿರುವ ಹೊಸ ಪೇಟ ಧರಿಸಬೇಕು ಎಂಬ ಆಜ್ಞೆಗಳು ಹಿಂದೂ ಮುಸಲ್ಮಾನರಿಬ್ಬರನ್ನೂ ಕೆರಳಿಸಿದ್ದವು. ಟಿಪ್ಪು ಸುಲ್ತಾನರ ಮಕ್ಕಳನ್ನು ಇರಿಸಿದ್ದುದೂ ಅದೇ ಕೋಟೆಯಲ್ಲಿ. 1857ರ ಮಹಾದಂಗೆಗೆ ಅರ್ಧ ಶತಮಾನ ಮೊದಲಿನ ಘಟನೆಯಿದು.

1858ರಲ್ಲಿ ಕಂಪೆನಿಯ ಆಡಳಿತ ಹೋಗಿ ರಾಣಿಯ ಆಡಳಿತ ಬಂದಿತು. 1895ರಲ್ಲಿ ಮೂರು ಸೈನ್ಯಗಳು ಕೂಡಿ ಒಂದೇ "ಇಂಡಿಯನ್ ಆರ್ಮಿ" ಆಯಿತು. 1903ರಲ್ಲಿ ಲಾರ್ಡ್ ಕಿಚನರ್ ಎಲ್ಲ ಪಲ್ಟನ್‌ಗಳಿಗೂ ಹೊಸ ಸಂಖ್ಯೆ ಕೊಟ್ಟರು. 1922ರಲ್ಲಿ ಅವನ್ನೆಲ್ಲ ದೊಡ್ಡ ರೆಜಿಮೆಂಟುಗಳಾಗಿ ಒಗ್ಗೂಡಿಸಿ ಮತ್ತೆ ಹೆಸರು ಬದಲಾಯಿಸಿದರು. 1947ರಲ್ಲಿ ಸೈನ್ಯವೇ ಎರಡು ದೇಶಗಳಿಗೆ ಹಂಚಿಹೋಯಿತು.

ಒಂದು ಉದಾಹರಣೆ ಕೊಡುತ್ತೇನೆ. 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೆಕೆಯಲ್ಲಿ ತೋರಿದ ಶೌರ್ಯಕ್ಕಾಗಿ ಸಿಪಾಯಿ ಖುದಾದಾದ್ ಖಾನ್ ಅವರಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಭಾರತೀಯ ಸೈನಿಕನೊಬ್ಬನಿಗೆ ಆ ಪದಕ ಸಂದದ್ದು ಅದೇ ಮೊದಲು. ಅವರಿದ್ದದ್ದು 129ನೇ ಬಲೂಚಿ ಪಲ್ಟನ್. 1922ರ ನಂತರ ಅದೇ ಪಲ್ಟನ್ 10ನೇ ಬಲೂಚ್ ರೆಜಿಮೆಂಟಿನ 4ನೇ ಬೆಟಾಲಿಯನ್ ಆಯಿತು. 1947ರಲ್ಲಿ ಪಾಕಿಸ್ತಾನಕ್ಕೆ ಸೇರಿತು. ಹಳೆಯ ಹೆಸರೊಂದನ್ನೇ ಹಿಡಿದು ದಿಲ್ಲಿಯಲ್ಲಿ ಹುಡುಕಿದರೆ ಆ ಪಲ್ಟನ್ ಕಾಣಿಸುವುದಿಲ್ಲ. ಆದ್ದರಿಂದ ಶೋಧದ ಮೊದಲ ಪಾಠವೆಂದರೆ, ಪಲ್ಟನ್ನಿನ ಹೆಸರು ಬದಲಾದ ಸರಪಳಿಯನ್ನು ಬರೆದಿಟ್ಟುಕೊಳ್ಳುವುದು.

ಕಲ್ಲಿನ ಮೇಲಿಲ್ಲದ ಹೆಸರುಗಳು

ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೊರದೇಶಗಳಿಗೆ ಹೋದರು. 74,000ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಅತಿ ಹೆಚ್ಚು ಜನ ಹೋದದ್ದು ಇಂದಿನ ಇರಾಕ್ ಆಗಿರುವ ಮೆಸೊಪೊಟೇಮಿಯಾಕ್ಕೆ. ಅಜ್ಜಿಯರ ಬಾಯಲ್ಲಿ "ಬಸ್ರಾ" ಉಳಿದಿರುವುದು ಇದರಿಂದಲೇ.

ಸತ್ತವರ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಯುದ್ಧ ಸಮಾಧಿ ಆಯೋಗ ಸ್ಥಾಪನೆಯಾಯಿತು. ಹುದ್ದೆ, ಜನಾಂಗ, ಧರ್ಮಗಳ ಭೇದವಿಲ್ಲದೆ ಎಲ್ಲರನ್ನೂ ಸಮಾನವಾಗಿ ಸ್ಮರಿಸುವುದು ಅದರ ತತ್ವವಾಗಿತ್ತು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 1927ರಲ್ಲಿ ಕಟ್ಟಿದ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಆದರೆ ಬಸ್ರಾದ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಪಲ್ಟನ್ನಿಗೆ ಇಷ್ಟು ಮಂದಿ ಎಂಬ ಲೆಕ್ಕವಾಗಿ ಕೆತ್ತಿದರು.

ಇದು ನಮ್ಮ ಊಹೆಯಲ್ಲ. 2021ರ ಏಪ್ರಿಲ್‌ನಲ್ಲಿ ಆಯೋಗವೇ ಪ್ರಕಟಿಸಿದ ತನಿಖಾ ವರದಿ ಇದನ್ನು ಒಪ್ಪಿಕೊಂಡಿದೆ. ಭಾರತ, ಆಫ್ರಿಕಾ, ಈಜಿಪ್ಟ್ ಮೊದಲಾದ ಕಡೆಯ 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ. ಕನಿಷ್ಠ 1,16,000 ಮಂದಿ, ಬಹುಶಃ 3,50,000ದಷ್ಟು ಮಂದಿ, ಹೆಸರಿನಿಂದ ಸ್ಮರಿಸಲ್ಪಟ್ಟೇ ಇಲ್ಲ, ಅಥವಾ ಸ್ಮರಿಸಲ್ಪಟ್ಟೇ ಇಲ್ಲ. ಆಯೋಗ ಇದಕ್ಕಾಗಿ ಕ್ಷಮೆ ಕೇಳಿತು. ಬ್ರಿಟನ್ನಿನ ರಕ್ಷಣಾ ಸಚಿವರೂ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು.

ಮಿತ್ರರೇ, ಕ್ಷಮೆ ಕೇಳಿದ ಮಾತ್ರಕ್ಕೆ ಹೆಸರು ಮರಳಿ ಬರುವುದಿಲ್ಲ. ಯಾರಾದರೂ ಕುಳಿತು ಹುಡುಕಬೇಕು.

ದಾಖಲೆಗಳು ಎಲ್ಲೆಲ್ಲಿವೆ?

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ದಾಖಲೆಗಳಿವೆ. ಬ್ರಿಟಿಷ್ ಅಧಿಕಾರಿಗಳ ನೇಮಕಾತಿ, ಸೇವೆ, ಪಿಂಚಣಿಯ ಕಾಗದಗಳು ಅಲ್ಲಿ ವಿವರವಾಗಿ ಸಿಗುತ್ತವೆ. ಸಾಮಾನ್ಯ ಸಿಪಾಯಿಯ ಸೇವಾ ಕಡತವನ್ನು ಅಲ್ಲಿ ಹುಡುಕಿ ನಿರಾಶರಾಗಬೇಡಿ. ಅಂಥ ಕಾಗದಗಳನ್ನು ಇಲ್ಲಿಯ ಪಲ್ಟನ್‌ಗಳೇ ಇಟ್ಟುಕೊಳ್ಳುತ್ತಿದ್ದವು. ಆದರೆ ಇನ್ನೊಂದು ಅಮೂಲ್ಯ ವಸ್ತು ಅಲ್ಲಿದೆ. ಫ್ರಾನ್ಸಿನಿಂದ ನಮ್ಮ ಸೈನಿಕರು ಊರಿಗೆ ಬರೆದ ಪತ್ರಗಳನ್ನು ಸರಕಾರ ತೆರೆದು ಓದುತ್ತಿತ್ತು. ಆ ಪರಿಶೀಲಕರು ಮಾಡಿಸಿದ ಇಂಗ್ಲಿಷ್ ಅನುವಾದದ ಭಾಗಗಳು ಉಳಿದುಕೊಂಡಿವೆ. ಸಿಪಾಯಿಯನ್ನು ಕಾಯಲೆಂದು ಮಾಡಿದ ಕೆಲಸವೇ ಇಂದು ಅವನ ಮಾತನ್ನು ಕಾಯ್ದುಕೊಟ್ಟಿದೆ.

ಲಂಡನ್ನಿನ ಹತ್ತಿರದ ಕ್ಯೂ ಎಂಬಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರವಿದೆ. ಅಲ್ಲಿ ಪಲ್ಟನ್‌ಗಳ ಯುದ್ಧ ದಿನಚರಿಗಳಿವೆ. ಇವುಗಳಲ್ಲಿ ಸಿಪಾಯಿಯ ಹೆಸರು ಸಿಗುವುದು ಅಪರೂಪ. ಆದರೆ ಅವನ ಪಲ್ಟನ್ ಯಾವ ದಿನ ಎಲ್ಲಿತ್ತು, ಏನು ಮಾಡಿತು ಎಂಬುದು ತಿಳಿಯುತ್ತದೆ. ಬ್ರಿಟಿಷ್ ಸೈನಿಕರ ಕಡತಗಳೂ ಎಲ್ಲ ಉಳಿದಿಲ್ಲ ಎಂಬುದು ನೆನಪಿರಲಿ. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬಿಗೆ ಮೊದಲ ಮಹಾಯುದ್ಧದ ಅವರ ಸೇವಾ ದಾಖಲೆಗಳ ಅರ್ಧಕ್ಕೂ ಹೆಚ್ಚು ಭಾಗ ಸುಟ್ಟುಹೋಯಿತು.

ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಪಂಜಾಬಿನ ಸುಮಾರು 3,20,000 ಸೈನಿಕರ ವಿವರಗಳಿರುವ ರಿಜಿಸ್ಟರುಗಳು ಹೆಚ್ಚುಕಡಿಮೆ ಒಂದು ಶತಮಾನ ಕಾಲ ಓದುವವರಿಲ್ಲದೆ ಇದ್ದವು. ಸೈನಿಕನ ಹೆಸರು, ತಂದೆಯ ಹೆಸರು, ಹಳ್ಳಿ, ಪಲ್ಟನ್ ಎಲ್ಲವನ್ನೂ ಹಳ್ಳಿವಾರು ಬರೆದಿದ್ದರು. ಬ್ರಿಟನ್ನಿನ ಪಂಜಾಬಿ ಪರಂಪರೆಯ ಸಂಘವೊಂದು ಗ್ರೀನಿಚ್ ವಿಶ್ವವಿದ್ಯಾನಿಲಯದ ಜೊತೆ ಸೇರಿ ಇವನ್ನು ಗಣಕಕ್ಕೆ ಏರಿಸಿತು. 2021ರ ನವೆಂಬರ್‌ನಲ್ಲಿ ಮೊದಲ ಕಂತಾಗಿ ಜಲಂಧರ್, ಲುಧಿಯಾನ, ಸಿಯಾಲ್‌ಕೋಟ್ ಜಿಲ್ಲೆಗಳ ದಾಖಲೆಗಳು ಹೊರಬಂದವು. ಒಂದು ಸಂಘ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಬರ್ಲಿನ್ನಿನಲ್ಲಿರುವ ದಾಖಲೆ ಕಾಗದದ್ದಲ್ಲ, ಧ್ವನಿಯದು. ಯುದ್ಧದಲ್ಲಿ ಸೆರೆಸಿಕ್ಕ ಮುಸಲ್ಮಾನ ಸೈನಿಕರಿಗಾಗಿ ಜರ್ಮನರು ಬರ್ಲಿನ್ನಿನ ಸಮೀಪದ ವ್ಯೂನ್ಸ್‌ಡಾರ್ಫ್‌ನಲ್ಲಿ "ಅರ್ಧಚಂದ್ರ ಶಿಬಿರ"ವನ್ನು ನಡೆಸಿದರು. ಅವರನ್ನು ಬ್ರಿಟಿಷರ ವಿರುದ್ಧ ತಿರುಗಿಸುವುದು ಉದ್ದೇಶ. 1915ರಲ್ಲಿ ಅಲ್ಲೊಂದು ಮರದ ಮಸೀದಿಯನ್ನೂ ಕಟ್ಟಿಸಿದರು. ಅಲ್ಲಿ ಭಾರತೀಯ ಕೈದಿಗಳ ಮಾತು, ಹಾಡು, ಕಥೆಗಳನ್ನು ಭಾಷಾ ಅಧ್ಯಯನಕ್ಕೆಂದು ಧ್ವನಿಮುದ್ರಿಸಿಕೊಂಡರು. ಅವು ಇಂದು ಹುಂಬೋಲ್ಟ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿವೆ.

ಇನ್ನು ನಮ್ಮ ನಾಡಿಗೆ ಬರೋಣ. 1918ರ ಸೆಪ್ಟೆಂಬರ್ 23ರಂದು ತುರ್ಕರ ವಶದಲ್ಲಿದ್ದ ಹೈಫಾ ಪಟ್ಟಣವನ್ನು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಗಳು ಗೆದ್ದವು. ಮೈಸೂರು ಲ್ಯಾನ್ಸರ್ಸ್ ಇಂಡಿಯನ್ ಆರ್ಮಿಗೆ ಸೇರಿದ ಪಡೆಯಲ್ಲ, ಮಹಾರಾಜರು ಸಾಕಿದ ಸಂಸ್ಥಾನದ ಪಡೆ. ಆದ್ದರಿಂದ ಅದರ ಆಡಳಿತದ ಕಾಗದಗಳನ್ನು ಹುಡುಕಬೇಕಾದದ್ದು ಮೊದಲು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ. ಅದೇ ಬೆಂಗಳೂರಿನಲ್ಲಿದ್ದ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಬ್ರಿಟಿಷರ ಪಡೆ. ಇಂದು ಅದು ಮದ್ರಾಸ್ ಎಂಜಿನಿಯರ್ ಗ್ರೂಪ್. ಒಂದೇ ಊರಿನಿಂದ ಹೊರಟ ಇಬ್ಬರು ಸೈನಿಕರ ದಾಖಲೆಗಳು ಎರಡು ದಾರಿ ಹಿಡಿದಿರುತ್ತವೆ ಎಂಬುದು ನೆನಪಿರಲಿ.

ಮನೆಯಿಂದಲೇ ಆರಂಭಿಸಿ

ಲಂಡನ್ನಿಗೆ ಹೋಗುವ ಮೊದಲು ಮನೆಯ ಪೆಟ್ಟಿಗೆಯನ್ನು ತೆರೆಯಿರಿ.

ಒಂದನೆಯದಾಗಿ, ಪದಕ. ಮೊದಲ ಮಹಾಯುದ್ಧದ ಪದಕದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಂಖ್ಯೆ, ಹುದ್ದೆ, ಹೆಸರು, ಪಲ್ಟನ್ ಇಂಗ್ಲಿಷಿನಲ್ಲಿ ಒತ್ತಿರುತ್ತಾರೆ. ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದಾಗಿರುತ್ತದೆ. ಕೂಲಿದಳಗಳಲ್ಲಿ ದುಡಿದವರಿಗೆ ಅದನ್ನೇ ಕಂಚಿನಲ್ಲಿ ಕೊಟ್ಟರು. ಆದ್ದರಿಂದ ಪದಕ ಕಂಚಿನದೆಂದು ಬಿಸಾಡಬೇಡಿ. ಅವರೂ ಯುದ್ಧಭೂಮಿಗೆ ಹೋದವರೇ.

ಎರಡನೆಯದಾಗಿ, ಡಿಸ್ಚಾರ್ಜ್ ಸರ್ಟಿಫಿಕೇಟು, ಪಿಂಚಣಿ ಕಾಗದ, ಹಳೆಯ ಫೋಟೋ. ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಪ್ರತಿ ತೆಗೆದು ಮೂಲವನ್ನು ಒಣಗಿದ ಜಾಗದಲ್ಲಿ ಇಡಿ. ಫೋಟೋದ ಹಿಂಬದಿಯನ್ನೂ ನೋಡಿ.

ಮೂರನೆಯದಾಗಿ, ಹಿರಿಯರ ನೆನಪು. ಅಜ್ಜ ಅಜ್ಜಿಯರು ಹೇಳಿದ್ದನ್ನು ಹೇಳಿದ ಹಾಗೆಯೇ ದಿನಾಂಕ ಹಾಕಿ ಬರೆದಿಡಿ.

ನಾಲ್ಕನೆಯದಾಗಿ, ಹೆಸರಿನ ಕಾಗುಣಿತ. ಗುಮಾಸ್ತ ಕೇಳಿದಂತೆ ಬರೆದ ಕಾಲವದು. ಶೇಖ್, ಷೇಕ್, ಸೈಯದ್, ಸೈಯ್ಯಿದ್, ಮುಹಮ್ಮದ್, ಮಹಮದ್ ಎಂದು ಇಂಗ್ಲಿಷಿನಲ್ಲಿ ಹಲವು ರೂಪಗಳಿರುತ್ತವೆ. ಎಲ್ಲವನ್ನೂ ಹುಡುಕಿ. ತಂದೆಯ ಹೆಸರು, ಹಳ್ಳಿ, ತಾಲೂಕು ಜೊತೆಗಿದ್ದರೆ ಮಾತ್ರ ವ್ಯಕ್ತಿ ಖಚಿತವಾಗುತ್ತಾನೆ. ಸಂಖ್ಯೆಯೊಂದೇ ಸಾಲದು. ಮೊದಲ ಯುದ್ಧದ ಕಾಲದಲ್ಲಿ ಸಂಖ್ಯೆ ಕೊಡುತ್ತಿದ್ದದ್ದು ಆಯಾ ಪಲ್ಟನ್. ಒಂದೇ ಸಂಖ್ಯೆ ಬೇರೆ ಪಲ್ಟನ್ನಿನ ಇನ್ನೊಬ್ಬರಿಗೂ ಇರಬಹುದು.

ಐದನೆಯದಾಗಿ, ತೀರಿಕೊಂಡವರಾದರೆ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ನೋಡಬಹುದು. ಬಸ್ರಾದ ಕಲ್ಲಿನ ಮೇಲೆ ಕೆತ್ತದ ಅನೇಕ ಸಿಪಾಯಿಗಳ ಹೆಸರು ಆ ಪಟ್ಟಿಯಲ್ಲಿ ಸಿಗುತ್ತದೆ. ಬದುಕಿ ಬಂದವರು ಜಮಾದಾರ್, ಸುಬೇದಾರ್, ರಿಸಾಲ್ದಾರ್ ಆಗಿದ್ದರೆ ಅಂದು ಅಚ್ಚಾಗುತ್ತಿದ್ದ "ಇಂಡಿಯನ್ ಆರ್ಮಿ ಲಿಸ್ಟ್"ನಲ್ಲಿ ನೋಡಿ. ಎರಡನೆಯ ಮಹಾಯುದ್ಧದ ಸಿಪಾಯಿಯಾದರೆ, ಸಂಖ್ಯೆ, ಹೆಸರು, ತಂದೆಯ ಹೆಸರುಗಳೊಂದಿಗೆ ಆ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಕುಟುಂಬದವರು ಬರೆದು ಕೇಳಬೇಕು.

ಸಿಕ್ಕಿದ್ದನ್ನು ಸಿಕ್ಕಂತೆ ಸ್ವೀಕರಿಸಿ

ಸಿಗುವುದೆಲ್ಲ ಹೆಮ್ಮೆಯದೇ ಆಗಿರಬೇಕೆಂದಿಲ್ಲ. 1915ರ ಫೆಬ್ರವರಿ 15ರಂದು ಸಿಂಗಾಪುರದಲ್ಲಿ 5ನೇ ಲೈಟ್ ಇನ್‌ಫೆಂಟ್ರಿಯ ಮುಸ್ಲಿಂ ಸಿಪಾಯಿಗಳು ದಂಗೆಯೆದ್ದರು. ತುರ್ಕರ ಮೇಲೆ ಯುದ್ಧಕ್ಕೆ ಕಳುಹಿಸುತ್ತಾರೆಂಬ ಭಯ ಅದರ ಕಾರಣಗಳಲ್ಲೊಂದು. 47 ಮಂದಿಯನ್ನು ಗುಂಡಿಟ್ಟು ಕೊಂದರು. ಅದೇ ಯುದ್ಧದಲ್ಲಿ ಗಾಯಗೊಂಡು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಮುಸ್ಲಿಂ ಸೈನಿಕರಿಗಾಗಿ ವೋಕಿಂಗ್ ಪಟ್ಟಣದ ಬಳಿ ಪ್ರತ್ಯೇಕ ಖಬರಸ್ತಾನ ಮಾಡಿಸಿದ್ದರು. ಬಂಡೆದ್ದವರೂ ಆಜ್ಞೆ ಪಾಲಿಸಿ ಸತ್ತವರೂ ಒಂದೇ ಸೈನ್ಯದವರು, ಎಷ್ಟೋ ವೇಳೆ ಒಂದೇ ಸೀಮೆಯವರು. ಇಬ್ಬರ ದಾಖಲೆಯನ್ನೂ ಸಮಾನ ಪ್ರಾಮಾಣಿಕತೆಯಿಂದ ಓದುವುದೇ ಇತಿಹಾಸದ ವಿದ್ಯಾರ್ಥಿಯ ಕರ್ತವ್ಯ. ಸಿಪಾಯಿಯಾಗಿದ್ದವರನ್ನು ಸುಬೇದಾರ್ ಎಂದು ಬರೆದು ದೊಡ್ಡವರನ್ನಾಗಿ ಮಾಡುವ ಅಗತ್ಯವಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಒಂದೇ ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಸೈನ್ಯಕ್ಕೆ ಹೋಗಿದ್ದ ಒಬ್ಬರ ಹೆಸರು, ತಂದೆಯ ಹೆಸರು, ಊರು, ಪಲ್ಟನ್, ವರ್ಷ – ಈ ಐದನ್ನು ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ಕೊಡಿ. ತಿಳಿಯದ ಜಾಗವನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಸಂಘದ ಹಿರಿಯರು ಅವನ್ನೆಲ್ಲ ಒಂದು ಪುಸ್ತಕದಲ್ಲಿ ಕಟ್ಟಿಸಿ ಇಡಬೇಕೆಂದು ವಿನಂತಿಸುತ್ತೇನೆ. ಪಂಜಾಬಿನ ರಿಜಿಸ್ಟರೂ ಆರಂಭವಾದದ್ದು ಒಂದೊಂದು ಹಳ್ಳಿಯ ಒಂದೊಂದು ಸಾಲಿನಿಂದಲೇ.