ಗ್ರ್ಯಾಂಗ್ವಾರ್ ಎಂಬ ವಾರಪತ್ರಿಕೆ

ಕಡುಬಲಪಂಥೀಯ ಪತ್ರಿಕೆ ಎಂದರೆ ಮೊದಲ ಪುಟದಿಂದಲೇ ಬೈಗುಳ ಎಂದುಕೊಳ್ಳುತ್ತೇವೆ. ಪ್ಯಾರಿಸ್ಸಿನ ‘ಗ್ರ್ಯಾಂಗ್ವಾರ್’ ಶುರುವಾದದ್ದು ಹಾಗಲ್ಲ. 1928ರಲ್ಲಿ ಒರಾಸ್ ದ ಕಾರ್ಬುಚಿಯಾ ಅದನ್ನು ಆರಂಭಿಸಿದಾಗ ಜೊತೆಗಿದ್ದವರಲ್ಲಿ ಯಹೂದಿ ಮನೆತನದ ಕಾದಂಬರಿಕಾರ ಜೋಸೆಫ್ ಕೆಸೆಲ್ ಒಬ್ಬರು. ಅದರಲ್ಲಿ ಒಳ್ಳೆಯ ಕಥೆಗಳಿದ್ದವು, ಧಾರಾವಾಹಿಗಳಿದ್ದವು. ರಾಜಕೀಯವೂ ಅದೇ ಕಾಸಿಗೆ ಮನೆಗೆ ಬರುತ್ತಿತ್ತು.

ಕಾರ್ಬುಚಿಯಾ ಅವರ ಮಾವ ಷಿಯಾಪ್ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥ. 1934ರ ಫೆಬ್ರವರಿಯಲ್ಲಿ ಸರ್ಕಾರ ಅವರನ್ನು ಕಿತ್ತುಹಾಕಿತು, ಬೀದಿಯಲ್ಲಿ ಗಲಭೆಯೆದ್ದಿತು. ಪತ್ರಿಕೆ ತೀರಾ ಬಲಕ್ಕೆ ವಾಲಿದ್ದು ಆಗ. ಮನೆಯ ಸಿಟ್ಟಿಗೂ ದೇಶದ ಸಿಟ್ಟಿಗೂ ಗಂಟು ಬಿತ್ತು ಅನ್ನಿ. 1936ರ ಹೊತ್ತಿಗೆ ಪ್ರಸಾರ 5 ಲಕ್ಷ ದಾಟಿತ್ತು.

ಆ ವರ್ಷ ಪ್ರಧಾನಿ ಲಿಯೊನ್ ಬ್ಲುಮ್ ಅವರ ಎಡಪಂಥೀಯ ಸರ್ಕಾರದಲ್ಲಿ ಗೃಹಮಂತ್ರಿಯಾದವರು ಲೀಲ್ ನಗರದ ಮೇಯರ್ ರೋಜೆ ಸಲಾಂಗ್ರೊ. 1915ರಲ್ಲಿ ಅವರು ಸತ್ತ ಗೆಳೆಯನ ದೇಹ ತರಲು ಹೋಗಿ ಜರ್ಮನರ ಕೈಗೆ ಸಿಕ್ಕಿದ್ದರು. ‘ಓಡಿಹೋದ ಸೈನಿಕ’ ಎಂದು ಗ್ರ್ಯಾಂಗ್ವಾರ್ ವಾರವಾರವೂ ಬರೆಯಿತು, ವ್ಯಂಗ್ಯಚಿತ್ರ ಹಾಕಿತು. ಬರೆದವರಲ್ಲಿ ಮುಂದಾಳು ಆನ್ರಿ ಬೆರೊ, 1922ರ ಗಾಂಕೂರ್ ಸಾಹಿತ್ಯ ಪ್ರಶಸ್ತಿ ಪಡೆದವನು. ಒಳ್ಳೆಯ ಗದ್ಯ ಬಲ್ಲವನ ಕೈಯಲ್ಲಿ ಸುಳ್ಳೂ ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ. ಸೇನಾ ನ್ಯಾಯಾಲಯ 1916ರಲ್ಲೇ ಖುಲಾಸೆ ಮಾಡಿದ್ದ ಪ್ರಕರಣ ಅದು. ಸೇನಾ ಮುಖ್ಯಸ್ಥ ಜನರಲ್ ಗಾಮ್ಲಾಂ ಮತ್ತೆ ಕಡತ ತೆಗೆಸಿ ನೋಡಿ, ತಪ್ಪಿಲ್ಲ ಎಂದರು. ನವೆಂಬರ್ 13ರಂದು ಸಂಸತ್ತು 427 ಮತಗಳಿಂದ ಸಲಾಂಗ್ರೊ ಪರ ನಿಂತಿತು, ವಿರುದ್ಧ ಬಿದ್ದದ್ದು 63. ನಾಲ್ಕೇ ದಿನ. ಹಿಂದಿನ ವರ್ಷವಷ್ಟೇ ಹೆಂಡತಿಯನ್ನು ಕಳೆದುಕೊಂಡಿದ್ದ ಆ ಮನುಷ್ಯ ಲೀಲ್‌ನ ಮನೆಯ ಅಡುಗೆಮನೆಯಲ್ಲಿ ಗ್ಯಾಸ್ ಬಿಟ್ಟುಕೊಂಡು ಪ್ರಾಣ ಬಿಟ್ಟರು. ಪತ್ರಿಕೆಗಳ ಮಾನಹಾನಿ ತಡೆಯಲು ಬ್ಲುಮ್ ಸರ್ಕಾರ ತಂದ ಮಸೂದೆ ಸೆನೆಟ್‌ನಲ್ಲಿ ಬಿದ್ದುಹೋಯಿತು.

1940ರಲ್ಲಿ ಜರ್ಮನಿಯೆದುರು ಫ್ರಾನ್ಸ್ ಸೋತ ನಂತರ ಪತ್ರಿಕೆ ದಕ್ಷಿಣಕ್ಕೆ ಹೋಗಿ, ಜರ್ಮನರೊಡನೆ ಕೈಜೋಡಿಸಿದ ಪೆತಾಂ ಆಡಳಿತದ ಬೆನ್ನಿಗೆ ನಿಂತಿತು. ಯಹೂದಿದ್ವೇಷ ಬಹಿರಂಗವಾಗಿಯೇ ನಡೆಯಿತು. ವಿಚಿತ್ರವೆಂದರೆ, ಯಹೂದಿ ಲೇಖಕಿ ಇರೆನ್ ನೆಮಿರೊವ್‌ಸ್ಕಿ ಅವರ ಕಥೆಗಳನ್ನು ಅದೇ ಪತ್ರಿಕೆ ಬೇರೆ ಹೆಸರಿನಲ್ಲಿ ಅಚ್ಚುಹಾಕುತ್ತಿತ್ತು. ಅವರಿಗೆ ಆ ಹಣ ಬೇಕಿತ್ತು. 1942ರ ಜುಲೈಯಲ್ಲಿ ಫ್ರೆಂಚ್ ಪೊಲೀಸರೇ ಅವರನ್ನು ಬಂಧಿಸಿದರು. ಮರುತಿಂಗಳು ಆಶ್‌ವಿಟ್ಜ್‌ನಲ್ಲಿ ತೀರಿಕೊಂಡರು.

ಪತ್ರಿಕೆ 1944ರಲ್ಲಿ ನಿಂತಿತು. ಆ ಡಿಸೆಂಬರಿನಲ್ಲಿ ಬೆರೊಗೆ ಮರಣದಂಡನೆಯಾಯಿತು. ಆಗ ಸರ್ಕಾರದ ಮುಖ್ಯಸ್ಥರಾಗಿದ್ದ ದ ಗಾಲ್ ಶಿಕ್ಷೆ ಇಳಿಸಿ ಪ್ರಾಣ ಉಳಿಸಿದರು, 1950ರಲ್ಲಿ ಬಿಡುಗಡೆಯೂ ಆಯಿತು. ಹೊರಿಸಿದ್ದ ಆರೋಪ ಶತ್ರುವಿನೊಡನೆ ಸಂಪರ್ಕದ್ದು. ನನ್ನನ್ನು ಕೇಳಿದರೆ, ಆತ ಕಟಕಟೆ ಹತ್ತಬೇಕಾಗಿದ್ದದ್ದು 1936ರ ಬರಹಗಳಿಗೆ.